ತಂತಿಯ ಮಾನವೂ ಹಳಿಯ ಮಾನವೂ

ಲೋಕವ್ಯವಹಾರಕ್ಕೆ ಭಾಷೆಯು ಎಷ್ಟು ಅವಶ್ಯಕವೋ ಅಳತೆಯೂ ಅಷ್ಟೇ ಅವಶ್ಯಕವಾದುದು. ಮಾತಿನ ಅರ್ಥದಲ್ಲಿ ಇಬ್ಬರಿಗೆ ಏಕಾಭಿಪ್ರಾಯವಿಲ್ಲದಿದ್ದರೆ ಸಂಭಾಷಣೆಯು ಹೇಗೆ ಕೆಡುವುದೋ, ಮೊಳದ ಉದ್ದದಲ್ಲಿ ಏಕಾಭಿಪ್ರಾಯವಿಲ್ಲದಿದ್ದರೆ ಕ್ರಯವಿಕ್ರಯವೂ ಹಾಗೆಯೇ ಕೆಡುವುದು. ನಮ್ಮ ಪೂರ್ವಿಕರು ಈ ಸಂಗತಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೇಶಮಾನ ಕಾಲಮಾನಗಳನ್ನು ತಿಳಿದಿರತಕ್ಕ ಮಾನಾಧ್ಯಕ್ಷನೆಂಬ ಅಧಿಕಾರಿಯ ವಿಷಯವಾಗಿ ಒಂದು ಪ್ರತ್ಯೇಕವಾದ ಅಧ್ಯಾಯವೇ ಉಂಟು. ಎಂಟು ಯವಮಧ್ಯಗಳಾದರೆ ಒಂದು ಅಂಗುಲ; 24 ಅಂಗುಲಗಳಾದರೆ ಒಂದು ಹಸ್ತ. ಆದರೆ ಅದೇ ಅಧ್ಯಾಯದಲ್ಲಿ ಬಡಗಿಯ ಕಿಷ್ಕುವಿಗೆ 42 ಅಂಗುಲಗಳೆಂದೂ, ಕಾಡಿನ ಮರಮುಟ್ಟುಗಳನ್ನು ಅಳೆಯುವ ಹಸ್ತಕ್ಕೆ 54 ಅಂಗುಲಗಳೆಂದೂ ಹೇಳಿದೆ. ಹಸ್ತವೆಂಬ ಹೆಸರು ಒಂದೇ ಆದರೂ ಪ್ರಯೋಜನಭೇದದಿಂದ ಪ್ರಮಾಣವು ಬೇರೆಯಾಯಿತು. ಕನ್ನಡನಾಡಿನ ಶಾಸನಗಳಲ್ಲಿ ದತ್ತಿಬಿಟ್ಟ ಭೂಮಿಯ ವಿಸ್ತಾರವನ್ನು ಹೇಳುವಾಗ ಅದನ್ನು ಯಾವ ಗಳೆಯಿಂದ ಅಳೆದುದೆಂಬುದನ್ನೂ ಅನೇಕ ವೇಳೆ ಹೇಳಿರುವುದು ಇದೇ ಕಾರಣದಿಂದ. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ಬರುವ ಭೇರುಂಡಗಳೆಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಗಳೆಯನ್ನು ಹೆಸರಿಸದೆ ಅಂಕವನ್ನು ಮಾತ್ರ ಹೇಳಿದರೆ ಅದು ಅರ್ಧ ಮಾತೇ ಸರಿ.

ಈ ಅರ್ಧ ಮಾತಿನಿಂದ ಉಂಟಾದ ತೊಡಕುಗಳಿಗೆ ಕಳೆದ ಇನ್ನೂರು ವರ್ಷಗಳ ಯಂತ್ರಯುಗದಲ್ಲಿ ಎರಡು ದೊಡ್ಡ ದೃಷ್ಟಾಂತಗಳು ದೊರೆಯುತ್ತವೆ. ಒಂದು ವಿದ್ಯುತ್ತಂತಿಯ ಗೇಜು, ಮತ್ತೊಂದು ರೈಲುಹಳಿಯ ಗೇಜು. ಗೇಜೆಂದರೆ ಅಳತೆ, ಅಥವಾ ಅಳತೆಯ ಸಾಧನ. ಹಳಿಯ ವಿಷಯದಲ್ಲಿ ಅದು ಎರಡು ಕಂಬಿಗಳ ಒಳಮೈಗಳ ನಡುವಣ ಅಂತರ. ತಂತಿಯ ವಿಷಯದಲ್ಲಿ ಅದು ತಂತಿಯ ದಪ್ಪವನ್ನು ಸೂಚಿಸುವ ಒಂದು ಅಂಕ. ಹಳಿಯ ಗೇಜು ದೊಡ್ಡದೆಂದರೆ ದಾರಿ ಅಗಲವಾದುದೆಂದು ಅರ್ಥ; ತಂತಿಯ ಗೇಜು ದೊಡ್ಡದೆಂದರೆ ತಂತಿ ತೆಳುವಾದುದೆಂದು ಅರ್ಥ. ಒಂದೇ ಶಬ್ದವು ಪರಸ್ಪರ ವಿರುದ್ಧವಾದ ದಿಕ್ಕುಗಳಲ್ಲಿ ನಡೆಯುವುದಕ್ಕೆ ಕಾರಣವೇನು? ಇದನ್ನು ಅರಿಯಬೇಕಾದರೆ ಇವೆರಡರ ಇತಿಹಾಸವನ್ನೂ ನೋಡಬೇಕು. ಸೂಜಿಯನ್ನೂ ಕಡಾಯಿಯನ್ನೂ ಮಾಡಿಕೊಡೆಂದು ಏಕಕಾಲದಲ್ಲಿ ಕೇಳಿದರೆ ಕಮ್ಮಾರನು ಸೂಜಿಯನ್ನೇ ಮೊದಲು ಮಾಡಿಕೊಡುವನೆಂಬ ಸೂಚೀಕಟಾಹನ್ಯಾಯವನ್ನನುಸರಿಸಿ ಮೊದಲು ತಂತಿಯ ವಿಚಾರವನ್ನು ಮುಗಿಸಿಕೊಂಡು, ಅನಂತರ ಹಳಿಯ ವಿಚಾರಕ್ಕೆ ಹೋಗುವುದು ಯುಕ್ತ.

ತಂತಿಯ ಅಂಕ

ಅಕ್ಕಸಾಲಿಗನು ಚಿನ್ನದ ಎಳೆಯನ್ನು ತೆಗೆಯುವುದನ್ನು ನೋಡಿದವರಿಗೆ ತಂತಿಯ ಗೇಜಿನ ಮೂಲವು ಸುಲಭವಾಗಿ ಗೋಚರವಾಗುವುದು. ಅವನ ಬಳಿ ಉಕ್ಕಿನ ಒಂದು ಪಟ್ಟಿಯಿರುವುದು. ಅದರಲ್ಲಿ ಕ್ರಮವಾಗಿ ಕಿರಿದಾಗುತ್ತ ಹೋಗುವ ರಂಧ್ರಗಳ ಸಾಲು. ಲೋಹದ ಕಡ್ಡಿಯ ತುದಿಯನ್ನು ಚೂಪುಮಾಡಿ ಮೊದಲನೆಯ ರಂಧ್ರದಲ್ಲಿ ತೂರಿಸಿ, ಇಕ್ಕಳದಿಂದ ಹಿಡಿದು ಎಳೆದರೆ ಅದು ಸ್ವಲ್ಪ ತೆಳುವಾಗಿ ಉದ್ದವಾಗುವುದು. ಎರಡನೆಯ ರಂಧ್ರದಲ್ಲಿ ಎಳೆದರೆ ಇನ್ನೂ ತೆಳುವಾಗುವುದು. ಹಲವು ಸಲ ಎಳೆದ ಮೇಲೆ ಲೋಹವು ಗಡುಸಾಗುವುದರಿಂದ ಅದನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಎಳೆಯಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮೊದಲಾದ ಊರುಗಳ ಕಬ್ಬಿಣದ ತಂತಿಯ ಕೆಲಸಗಾರರೂ ಮಾಡುತ್ತಿದ್ದುದು ಇದೇ ಕೆಲಸವನ್ನು. ಒಂದು ಸಲ ಎಳೆದುದು ಒಂದನೆಯ ನಂಬರಿನ ತಂತಿ, ಹತ್ತು ಸಲ ಎಳೆದುದು ಹತ್ತನೆಯ ನಂಬರಿನದು, ಇಪ್ಪತ್ತು ಸಲ ಎಳೆದುದು ಇಪ್ಪತ್ತನೆಯದು. ಅಂಕವು ತಂತಿಯ ದಪ್ಪವನ್ನು ಎಣಿಸಲಿಲ್ಲ. ಅದನ್ನು ಎಳೆದ ಸಲಗಳನ್ನು, ಅಂದರೆ ಕೆಲಸಗಾರನ ಶ್ರಮವನ್ನು ಎಣಿಸಿತು. ಶ್ರಮ ಹೆಚ್ಚಿದಂತೆ ತಂತಿಯು ತೆಳುವಾಗುವುದು ಸಹಜವಾದ್ದರಿಂದ ಅಂಕವೂ ತಂತಿಯೂ ವಿರುದ್ಧ ದಿಕ್ಕಿನಲ್ಲಿ ನಡೆದುವು. ಮೇಲುನೋಟಕ್ಕೆ ವಿಪರೀತವಾಗಿ ಕಾಣುವ ಪದ್ಧತಿಯಲ್ಲಿ ಹೀಗೆ ಒಂದು ನ್ಯಾಯವು ಅಡಗಿದೆ.

ಆದರೆ ಈ ಪದ್ಧತಿಯಲ್ಲಿ ಒಂದು ದೋಷವೂ ಅಡಗಿತ್ತು. ಒಬ್ಬನ ಪಟ್ಟಿಯ ಹತ್ತನೆಯ ರಂಧ್ರವೂ ಮತ್ತೊಬ್ಬನ ಪಟ್ಟಿಯ ಹತ್ತನೆಯ ರಂಧ್ರವೂ ಸಮವಾಗಿರಬೇಕೆಂಬ ನಿಯಮವೆಲ್ಲಿದೆ? ಅಷ್ಟೇ ಅಲ್ಲದೆ, ತಂತಿಯನ್ನು ಎಳೆದೆಳೆದು ಒಂದೇ ಪಟ್ಟಿಯ ರಂಧ್ರವೂ ಸವೆದು ದೊಡ್ಡದಾಗುತ್ತಿತ್ತು. ಹೀಗೆ ಒಂದೊಂದು ಕಾರ್ಖಾನೆಗೆ ಒಂದೊಂದು ಗೇಜಾಯಿತು. ಕಬ್ಬಿಣಕ್ಕೆ ಒಂದು, ಉಕ್ಕಿಗೆ ಒಂದು, ಹಿತ್ತಾಳೆಗೆ ಒಂದು ಎಂದು ಲೋಹಭೇದದಿಂದಲೂ ಗೇಜುಗಳಾದುವು. ತಂತಿಯು ಬೇಲಿಗೋ ಮೊಳೆಗೋ ಜರಡಿಗೋ ಉಪಯೋಗವಾಗುತ್ತಿದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಒಂದು ಕೂದಲಿನಷ್ಟು ತೆಳುವಾದ ಮಾತ್ರಕ್ಕೆ ಬೇಲಿಯು ಬಿದ್ದುಹೋಗುವುದಿಲ್ಲ. ತಂತಿಯಲ್ಲಿ ವಿದ್ಯುತ್ತು ಹರಿಯತೊಡಗಿದ ಮೇಲಾದರೋ ಸಂಗತಿಯು ಬೇರೆಯಾಯಿತು.

ಅದರ ಕಾರಣವನ್ನು ಸಂಕ್ಷೇಪವಾಗಿ ಹೇಳಬಹುದು. ಕಾಲುವೆ ಕಿರಿದಾದಷ್ಟೂ ನೀರಿಗೆ ತಡೆ ಹೆಚ್ಚುವಂತೆ, ತಂತಿ ತೆಳುವಾದಷ್ಟೂ ವಿದ್ಯುತ್ಪ್ರವಾಹಕ್ಕೆ ತಡೆ ಹೆಚ್ಚುವುದು. ತಂತಿಯ ವ್ಯಾಸವು ಅರ್ಧವಾದರೆ ಅದರ ಅಡ್ಡಕೊಯ್ತದ ಕ್ಷೇತ್ರವು ಅರ್ಧವಾಗುವುದಿಲ್ಲ, ಕಾಲುಭಾಗವಾಗುವುದು. ತಡೆಯು ನಾಲ್ಕು ಪಟ್ಟಾಗುವುದು. ಅಷ್ಟೇ ಪ್ರವಾಹವು ಹರಿದರೆ ಹುಟ್ಟುವ ಶಾಖವೂ ನಾಲ್ಕು ಪಟ್ಟಾಗುವುದು. ಆದ್ದರಿಂದ ದಪ್ಪದಲ್ಲಿ ಅಲ್ಪವಾಗಿ ಕಾಣುವ ಭೇದವು ಶಾಖದಲ್ಲಿ ಅಲ್ಪವಾಗಿ ಉಳಿಯುವುದಿಲ್ಲ. ತಂತಿಯ ಹೊದಿಕೆ ಕರಗಿ, ಗೋಡೆಯೊಳಗಿನ ಮರದ ಪಟ್ಟಿಗೆ ಬೆಂಕಿ ಹತ್ತುವ ಅನರ್ಥಕ್ಕೂ ಅದು ದಾರಿಯಾಗಬಹುದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಂತಿವಾರ್ತೆಯು ಹರಡುತ್ತಿದ್ದಂತೆ ಈ ಗೊಂದಲವನ್ನು ನಿವಾರಿಸಲು ಹಲವರು ಯತ್ನಿಸಿದರು. ಜೋಸೆಫ್ ವ್ಹಿಟ್‌ವರ್ತನೆಂಬ ಪ್ರಸಿದ್ಧ ಯಂತ್ರಶಿಲ್ಪಿಯು 1857ರಲ್ಲಿ, ತಂತಿಯ ದಪ್ಪವು ಇಂಚಿನ ಎಷ್ಟು ಸಾವಿರಾಂಶವೋ ಅದನ್ನೇ ಅಂಕವನ್ನಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿದನು. ಅದೇ ವರ್ಷದಲ್ಲಿ ಅಮೆರಿಕದ ಬ್ರೌನ್ ಮತ್ತು ಶಾರ್ಪ್ ಎಂಬ ಸಂಸ್ಥೆಯವರು ಬೇರೊಂದು ಮಾರ್ಗವನ್ನು ಹಿಡಿದರು. ನಾಲ್ಕು ಸೊನ್ನೆಯ ತಂತಿಯ ವ್ಯಾಸವು 0.46 ಇಂಚು, 36ನೆಯದರದು 0.005 ಇಂಚು ಎಂದು ನಿಶ್ಚಯಿಸಿ, ಈ ಎರಡರ ನಡುವಣ 39 ಮೆಟ್ಟಿಲುಗಳನ್ನು ಗುಣೋತ್ತರ ಶ್ರೇಢಿಯಲ್ಲಿ ಹೊಂದಿಸಿದರು. ಇದರಿಂದ ಮೂರು ಅಂಕಗಳು ಕೆಳಗಿಳಿದರೆ ತಂತಿಯ ಕ್ಷೇತ್ರವು ಸರಿಸುಮಾರಾಗಿ ಇಮ್ಮಡಿಯಾಗುವುದು. ಆರು ಅಂಕಗಳು ಇಳಿದರೆ ವ್ಯಾಸವೇ ಇಮ್ಮಡಿಯಾಗುವುದು. ಲೆಕ್ಕಕ್ಕೆ ಇದು ಬಲು ಅನುಕೂಲವಾದ ಏರ್ಪಾಡು. ಇಂಗ್ಲೆಂಡಿನಲ್ಲಿಯಾದರೋ ಹಳೆಯ ರೂಢಿಯನ್ನು ತೀರ ಬಿಡುವುದಕ್ಕೆ ವರ್ತಕರು ಒಪ್ಪಲಿಲ್ಲ. ಕೊನೆಗೆ 1883ರ ರಾಜಾಜ್ಞೆಯಿಂದ ನಿರ್ಮಿತವಾಗಿ, 1884ನೆಯ ಮಾರ್ಚ್ 1ರಿಂದ ಸ್ಟ್ಯಾಂಡರ್ಡ್ ಗೇಜು ಎಂಬ ಅಳತೆಯು ಶಾಸನಬದ್ಧವಾಯಿತು. ಏಳು ಸೊನ್ನೆಯ ತಂತಿಗೆ ಅರ್ಧ ಇಂಚು, 50ನೆಯದಕ್ಕೆ ಇಂಚಿನ ಸಾವಿರದ ಒಂದು ಭಾಗ. ಇದರ ಮೆಟ್ಟಿಲುಗಳು ಗಣಿತದ ದೃಷ್ಟಿಯಿಂದ ಅಷ್ಟು ನಯವಾದುವಲ್ಲ. ಹಳೆಯ ಕಸುಬುದಾರರ ಅಂಕಗಳಿಗೆ ಸಾಧ್ಯವಾದಷ್ಟು ಸಮೀಪವಾಗಿರಲೆಂದು ಮಾಡಿಕೊಂಡ ರಾಜಿ ಅದು.

ಹೀಗೆ ಒಂದೊಂದು ದೇಶದೊಳಗೆ ಗೊಂದಲವು ನಿಂತಿತಾದರೂ ದೇಶದೇಶಗಳ ನಡುವೆ ನಿಲ್ಲಲಿಲ್ಲ. ಬ್ರಿಟಿಷ್ ಅಳತೆಯ 14ನೆಯ ನಂಬರಿನ ತಂತಿಯ ವ್ಯಾಸವು 0.080 ಇಂಚು, ಅಮೆರಿಕದ 14ನೆಯದು 0.064 ಇಂಚು. ಎರಡನೆಯದರಲ್ಲಿರುವ ತಾಮ್ರವು ಮೊದಲನೆಯದರ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಒಂದೇ ಪ್ರವಾಹಕ್ಕೆ ಅದರಲ್ಲಿ ಹುಟ್ಟುವ ಶಾಖವು ಒಂದೂವರೆ ಪಟ್ಟಿಗಿಂತಲೂ ಅಧಿಕ. 14 ಎಂದು ಮಾತ್ರ ಬರೆದು ಕಳುಹಿಸಿದವನೂ ಅದನ್ನು ಓದಿಕೊಂಡವನೂ ಪ್ರಾಮಾಣಿಕರೇ ಆಗಿದ್ದರೂ ಅಂಗಡಿಯಿಂದ ಬಂದ ತಂತಿಯು ತಪ್ಪಾಗಿರಬಹುದು.

ಬ್ರಿಟಿಷ್ ಗೇಜು ಭಾರತದ ಮನೆಮನೆಗಳಿಗೂ ಬಂದಿತು. 1902ನೆಯ ಜೂನ್ 30ರಂದು ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹತ್ತಿದುವು. ಕ್ರಮೇಣ ಮನೆಗಳ ಗೋಡೆಗಳ ಮೇಲೆ ತಂತಿಗಳು ಹಬ್ಬಿದಂತೆ, ಮೂರು-ಇಪ್ಪತ್ತೆರಡು, ಏಳು-ಇಪ್ಪತ್ತು ಎಂಬ ಮಾತುಗಳು ಕೆಲಸಗಾರರ ಬಾಯಲ್ಲಿ ನೆಲೆಗೊಂಡುವು. ಮೊದಲನೆಯ ಅಂಕವು ಎಳೆಗಳ ಸಂಖ್ಯೆ. ಎರಡನೆಯದು ಒಂದೊಂದು ಎಳೆಯ ಗೇಜು. 3/22 ಎಂದರೆ 22ನೆಯ ನಂಬರಿನ ಮೂರು ಎಳೆಗಳು. ಅವುಗಳ ಒಟ್ಟು ಕ್ಷೇತ್ರ ಸುಮಾರು 1.2 ಚದರ ಮಿಲಿಮೀಟರು. 7/20 ಎಂದರೆ ಏಳು ಎಳೆಗಳು, ಸುಮಾರು 4.6 ಚದರ ಮಿಲಿಮೀಟರು. 22 ಎಂಬುದು 20ಕ್ಕಿಂತ ದೊಡ್ಡ ಸಂಖ್ಯೆಯೆಂದು ತಿಳಿದು, ದೊಡ್ಡ ಸಂಖ್ಯೆಯೇ ಬಲವಾದುದೆಂದು ಭ್ರಮಿಸಿದ ಗೃಹಸ್ಥನು ನೀರು ಕಾಯಿಸುವ ಯಂತ್ರಕ್ಕೆ ದೀಪದ ತಂತಿಯನ್ನು ಹಾಕಿಸಿಕೊಂಡಾನು! ಈಗ ಭಾರತದಲ್ಲಿ ತಂತಿಗಳನ್ನು ಚದರ ಮಿಲಿಮೀಟರುಗಳ ಕ್ಷೇತ್ರದಿಂದಲೇ ಹೆಸರಿಸುವುದು ನಿಯಮವಾಗಿದೆ. ಈ ಕ್ರಮದಲ್ಲಿ ಅಂಕ ಹೆಚ್ಚಿದಂತೆ ತಂತಿಯೂ ದಪ್ಪವಾಗುವುದು, ಭ್ರಮೆಗೆ ಅವಕಾಶವಿಲ್ಲ. ಆದರೂ ಫ್ಯೂಸಿನ ತಂತಿಯ ವ್ಯಾಪಾರದಲ್ಲಿಯೂ ಹಳಬರ ಮಾತಿನಲ್ಲಿಯೂ ಬರ್ಮಿಂಗ್‌ಹ್ಯಾಮಿನ ಕೆಲಸಗಾರನ ಎಣಿಕೆಯ ಕ್ರಮವು ಇನ್ನೂ ಅಳಿದಿಲ್ಲ.

ಹಳಿಯ ಅಂತರ

ತಂತಿಯ ಗೇಜಿಗೆ ಕಸುಬುದಾರನ ರೂಢಿಯು ಮೂಲವಾದಂತೆ ಹಳಿಯ ಗೇಜಿಗೂ ರೂಢಿಯೇ ಮೂಲ. ಇಂಗ್ಲೆಂಡಿನ ಉತ್ತರಭಾಗದ ಕಲ್ಲಿದ್ದಲ ಗಣಿಗಳಲ್ಲಿ ಉಗಿಯಂತ್ರವು ಹುಟ್ಟುವುದಕ್ಕೆ ಬಹಳ ಮುಂಚೆಯೇ ಹಳಿಗಳಿದ್ದುವು. ಅವುಗಳ ಮೇಲೆ ಕುದುರೆಗಳು ಇದ್ದಲ ಬಂಡಿಗಳನ್ನು ಎಳೆಯುತ್ತಿದ್ದುವು. ಗಣಿಯಿಂದ ಗಣಿಗೆ ಹಳಿಗಳ ಅಂತರವು ಬೇರೆಬೇರೆಯಾಗಿತ್ತು. ಜಾರ್ಜ್ ಸ್ಟೀಫನ್‌ಸನ್ ಎಂಬ ಯಂತ್ರಶಿಲ್ಪಿಯು ಕೆಲಸಮಾಡುತ್ತಿದ್ದ ಕಿಲ್ಲಿಂಗ್‌ವರ್ತ್ ಗಣಿಯಲ್ಲಿ ಅದು 4 ಅಡಿ 8 ಇಂಚು. 1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್ಟನ್ ದಾರಿಯನ್ನು ನಿರ್ಮಿಸಿದಾಗ ಅವನು ತನಗೆ ಪರಿಚಿತವಾದ ಅಳತೆಯನ್ನೇ ಇಟ್ಟುಕೊಂಡನು. 1830ರಲ್ಲಿ ತೆರೆದ ಲಿವರ್‌ಪೂಲ್–ಮ್ಯಾಂಚೆಸ್ಟರ್ ದಾರಿಯ ವೇಳೆಗೆ, ಚಕ್ರಗಳು ಸಲೀಸಾಗಿ ಉರುಳುವುದಕ್ಕೆ ಸ್ವಲ್ಪ ಸಡಿಲವಿರಬೇಕೆಂದು ಅರ್ಧ ಇಂಚು ಸೇರಿ ಅದು 4 ಅಡಿ 8½ ಇಂಚಾಯಿತು. ಇದು ರೋಮನರ ಯುದ್ಧರಥಗಳ ಅಗಲದಿಂದ ಬಂದುದೆಂಬ ಕಥೆಯು ಬಹುಜನಪ್ರಿಯವಾದರೂ ಅದಕ್ಕೆ ಆಧಾರವಿಲ್ಲ. ಮರದಲ್ಲಿ ಹುಳು ಕೊರೆದ ಗೆರೆಯು ಅಕಸ್ಮಾತ್ತಾಗಿ ಅಕ್ಷರದಂತೆ ಕಾಣುವುದನ್ನು ನೋಡಿ ಹುಳುವಿಗೆ ವಿದ್ಯೆ ಬರುವುದೆಂದು ಊಹಿಸಬಾರದೆಂಬುದೇ ಘುಣಾಕ್ಷರನ್ಯಾಯದ ತಾತ್ಪರ್ಯವಲ್ಲವೆ?

ಈ ರೂಢಿಯನ್ನು ಪ್ರಶ್ನಿಸಿದವನು ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್. ಇದ್ದಲಗಾಡಿಯ ಅಳತೆಯನ್ನು ವೇಗವಾಗಿ ಓಡುವ ಪ್ರಯಾಣಿಕರ ಗಾಡಿಗೆ ಏಕೆ ಅನುಸರಿಸಬೇಕೆಂಬುದು ಅವನ ವಾದ. ಲಂಡನ್ನಿನಿಂದ ಬ್ರಿಸ್ಟಲಿಗೆ ಹೋಗುವ ಗ್ರೇಟ್ ವೆಸ್ಟರ್ನ್ ರೈಲುದಾರಿಗೆ ಅವನು 7 ಅಡಿಗಳ ಅಂತರವನ್ನಿಟ್ಟನು. 1838ರಲ್ಲಿ ಅದರ ಮೊದಲನೆಯ ಭಾಗವು ತೆರೆಯಿತು. ಅಗಲವಾದ ದಾರಿಯಲ್ಲಿ ಗಾಡಿಗಳು ಸ್ಥಿರವಾಗಿ ನಿಂತುವು, ವೇಗವೂ ಹೆಚ್ಚಿತು. ಆದರೆ 1844ರಲ್ಲಿ ಗ್ಲಾಸ್ಟರ್ ಎಂಬ ಊರಿನಲ್ಲಿ ಎರಡು ಗೇಜುಗಳೂ ಸಂಧಿಸಿದುವು. ಬ್ರಿಸ್ಟಲಿನಿಂದ ಬಂದ ಗಾಡಿಯು ಬರ್ಮಿಂಗ್‌ಹ್ಯಾಮಿನ ಹಳಿಯ ಮೇಲೆ ಮುಂದೆ ಹೋಗಲಾರದು. ಪ್ರಯಾಣಿಕರು ಇಳಿದು ಹತ್ತಬೇಕು. ಮೂಟೆ, ಪೆಟ್ಟಿಗೆ, ಇದ್ದಲು, ದನಕರುಗಳೆಲ್ಲವನ್ನೂ ಒಂದು ಗಾಡಿಯಿಂದ ಇನ್ನೊಂದಕ್ಕೆ ಸಾಗಿಸಬೇಕು. ಆ ಗದ್ದಲದ ಚಿತ್ರವೊಂದು 1846ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು.

ವಿವಾದವು ಪ್ರಬಲವಾದ್ದರಿಂದ 1845ರಲ್ಲಿ ಸರ್ಕಾರವು ವಿಚಾರಣೆಯ ಮಂಡಲಿಯೊಂದನ್ನು ನೇಮಿಸಿತು. ಎರಡು ಪಕ್ಷದ ಯಂತ್ರಗಳನ್ನೂ ಓಡಿಸಿ ಪರೀಕ್ಷೆ ನಡೆಯಿತು. ವೇಗದಲ್ಲಿ ಬ್ರೂನೆಲನ ಪಕ್ಷವೇ ಮೇಲಾಯಿತೆಂಬುದನ್ನು ಮಂಡಲಿಯವರೂ ಅಲ್ಲಗಳೆಯಲಿಲ್ಲ. ಹಾಗಿದ್ದರೂ ತೀರ್ಪು ಸ್ಟೀಫನ್‌ಸನ್ನನ ಕಡೆಗಾಯಿತು. ಆಗ ದೇಶದಲ್ಲಿ ಕಿರಿದಾದ ಹಳಿಗಳು 1,901 ಮೈಲಿ. ಅಗಲವಾದುವು 274 ಮೈಲಿ. ಉತ್ತಮವಾದುದು ಯಾವುದೆಂಬ ಪ್ರಶ್ನೆಯು ಹಿಂದಕ್ಕೆ ಸರಿದು, ಸಾಮಾನ್ಯವಾದುದು ಯಾವುದೆಂಬ ಪ್ರಶ್ನೆಯು ಮುಂದೆ ಬಂದಿತು. 1846ರ ಶಾಸನವು ಬ್ರಿಟನ್ನಿನ ಹೊಸ ದಾರಿಗಳಿಗೆ 4 ಅಡಿ 8½ ಇಂಚನ್ನೂ ಐರ್ಲೆಂಡಿಗೆ 5 ಅಡಿ 3 ಇಂಚನ್ನೂ ವಿಧಿಸಿತು. ಬ್ರೂನೆಲನ ದಾರಿಯಾದರೋ ಶಾಸನದ ವಿನಾಯಿತಿಗಳ ಬಲದಿಂದ ಇನ್ನೂ ನಾಲ್ಕೂವರೆ ದಶಕಗಳ ಕಾಲ ಜೀವಿಸಿತ್ತು. 1892ರ ಮೇ ತಿಂಗಳ ಒಂದು ವಾರದ ಕೊನೆಯಲ್ಲಿ 4 ಸಾವಿರಕ್ಕೂ ಮೇಲ್ಪಟ್ಟ ಕೆಲಸಗಾರರು ಸಾಲಾಗಿ ನಿಂತು ಉಳಿದಿದ್ದ ಹಳಿಗಳನ್ನು ಒಳಕ್ಕೆ ಸರಿಸಿ ಅದಕ್ಕೆ ಮುಕ್ತಾಯವನ್ನು ಹಾಡಿದರು.

ಭಾರತದಲ್ಲಿ ಮಾನಭೇದ

ಇಂಗ್ಲೆಂಡಿನಲ್ಲಿ ಈ ಕಲಹವು ನಡೆಯುತ್ತಿದ್ದಾಗ ಅಲ್ಲಿಯ ವಾಣಿಜ್ಯಮಂಡಲಿಯಲ್ಲಿ ಅಧಿಕಾರಿಯಾಗಿದ್ದವನು ಡಾಲ್‌ಹೌಸಿ. ಅವನೇ 1848ರಲ್ಲಿ ಭಾರತದ ಗವರ್ನರ್ ಜನರಲ್ಲಾಗಿ ಬಂದನು. ಸ್ವದೇಶದ ಅನುಭವದಿಂದ ಪಾಠವನ್ನು ಕಲಿತಿದ್ದ ಅವನು, ಭಾರತದಲ್ಲಿ ಮೊದಲಿನಿಂದಲೇ ಒಂದೇ ಗೇಜು ಇರಬೇಕೆಂದು ಹಟಹಿಡಿದನು. ಕಂಪೆನಿಯ ನಿರ್ದೇಶಕರು ಇಂಗ್ಲೆಂಡಿನ ಅಳತೆಯನ್ನೇ ಸೂಚಿಸಿದ್ದರು. ಸಲಹಾ ಎಂಜಿನಿಯರಾದ ಸಿಮ್ಸ್ ಎಂಬವನು 5 ಅಡಿ 6 ಇಂಚಿರಬೇಕೆಂದನು. ಡಾಲ್‌ಹೌಸಿಯು 6 ಅಡಿಯೇ ಲೇಸೆಂದನು. ಕೊನೆಗೆ 5 ಅಡಿ 6 ಇಂಚು ನಿಶ್ಚಯವಾಯಿತು. 1853ನೆಯ ಏಪ್ರಿಲ್ 16ರಂದು ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ 21 ಮೈಲಿ ಓಡಿದ ಉಗಿಬಂಡಿಯು ಆ ಅಳತೆಯ ಹಳಿಗಳ ಮೇಲೆಯೇ ಓಡಿತು.

ಈ ಏಕರೂಪತೆಯು ಎರಡು ದಶಕಗಳೂ ತುಂಬಿ ಬಾಳಲಿಲ್ಲ. ರೈಲ್ವೆ ಕಂಪೆನಿಗಳಿಗೆ ಅವರು ಹೂಡಿದ ಬಂಡವಾಳದ ಮೇಲೆ ನೂರಕ್ಕೆ 5ರಂತೆ ಬಡ್ಡಿಯ ಭರವಸೆಯನ್ನು ಸರ್ಕಾರವು ಕೊಟ್ಟಿತ್ತು. ಖರ್ಚನ್ನು ಹಿಡಿತದಲ್ಲಿಡಲು ಕಂಪೆನಿಗಳಿಗೆ ಕಾರಣವಿರಲಿಲ್ಲ; ಬೊಕ್ಕಸಕ್ಕೆ ಹೊರೆ ಹೆಚ್ಚಿತು. 1869ರಲ್ಲಿ ವೈಸರಾಯನಾಗಿ ಬಂದ ಮೇಯೋ ಎಂಬವನು ಸರ್ಕಾರವೇ ಅಗ್ಗವಾದ ದಾರಿಗಳನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿದನು. ಅಂತರ ಕಿರಿದಾದರೆ ದಿಬ್ಬಗಳನ್ನು ಸುತ್ತಿಕೊಂಡು ತೀವ್ರವಾದ ತಿರುವುಗಳಲ್ಲಿ ಹಳಿ ಹೋಗಬಹುದು. ಮಣ್ಣಿನ ಕೆಲಸ, ಸೇತುವೆ, ಕಂಬಿ, ಗಾಡಿ ಎಲ್ಲವೂ ಹಗುರವಾಗುವುವು. 1870ರಲ್ಲಿ ನೇಮಕವಾದ ಸಮಿತಿಯ ಮೂವರು 2 ಅಡಿ 9 ಇಂಚು ಸಾಕೆಂದರು. ಫೌಲರ್ ಎಂಬ ಎಂಜಿನಿಯರು ಒಪ್ಪದೆ 3 ಅಡಿ 6 ಇಂಚು ಬೇಕೆಂದನು. ಮೇಯೋ 3 ಅಡಿ 3 ಇಂಚೆಂದು ನಡುವಣ ದಾರಿಯನ್ನು ಹಿಡಿದನು. ಅಷ್ಟರಲ್ಲಿ ಭಾರತದಲ್ಲಿ ಫ್ರೆಂಚರ ದಶಮಾಂಶ ಪದ್ಧತಿಯನ್ನು ಜಾರಿಗೆ ತರಬೇಕೆಂಬ ಯೋಚನೆಯೂ ನಡೆದಿದ್ದುದರಿಂದ, ಆ ಅಳತೆಯನ್ನು ಅದಕ್ಕೆ ಸಮೀಪವಾದ ಒಂದು ಮೀಟರಿಗೆ ಸರಿಪಡಿಸಿದರು. ಮೀಟರ್ ಗೇಜು ಹುಟ್ಟಿದ ಬಗೆ ಇದು. 1873ರಲ್ಲಿ ದೆಹಲಿ–ರೇವಾಡಿಗಳ ನಡುವೆ ಅದರ ಮೊದಲ ದಾರಿಯು ತೆರೆಯಿತು.

ಇಲ್ಲಿ ಇತಿಹಾಸದ ಒಂದು ವಕ್ರಗತಿಯನ್ನು ಗಮನಿಸಬೇಕು. ದಶಮಾಂಶ ಪದ್ಧತಿಯ ಶಾಸನವು 1871ರಲ್ಲಿ ಅಂಗೀಕೃತವಾಯಿತು. ಆದರೆ 1872ರ ಫೆಬ್ರವರಿಯಲ್ಲಿ ಮೇಯೋ ಅಂಡಮಾನಿನಲ್ಲಿ ಕೊಲೆಗೀಡಾದನು, ಶಾಸನವು ಕಾರ್ಯರೂಪಕ್ಕೆ ಬರಲೇ ಇಲ್ಲ. ಅಂಗಡಿಗಳಲ್ಲಿ ಗಜವೂ ಸೇರೂ ಮುಂದುವರಿದುವು, ಹಳಿಯೊಂದೇ ಮೀಟರಿನದಾಯಿತು. 1956ರ ಶಾಸನದಿಂದ ಮೀಟರು ಇಡೀ ದೇಶದ ಅಳತೆಯಾದ ಕೆಲವೇ ದಶಕಗಳಲ್ಲಿ, ಅದಕ್ಕಾಗಿಯೇ ಮುಂಗಡವಾಗಿ ಹಾಸಿದ್ದ ಮೀಟರಿನ ಹಳಿಗಳನ್ನು ಕೀಳುವ ಕೆಲಸವು ಭರದಿಂದ ಸಾಗಿತು.

ಮೈಸೂರು ಸಂಸ್ಥಾನದ ಸಂಗತಿ

ಮೈಸೂರು ಸಂಸ್ಥಾನಕ್ಕೆ ರೈಲು ಬಂದುದು 1864ರಲ್ಲಿ. ಮದರಾಸಿನ ದಾರಿಯ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿನವರೆಗೆ 5 ಅಡಿ 6 ಇಂಚಿನ ಹಳಿಯು ಬಂದಿತು. ಮುಂದಕ್ಕೆ ಎತ್ತಿನ ಗಾಡಿಯೇ ಗತಿ. 1876ರಿಂದ 1878ರವರೆಗಿನ ಘೋರವಾದ ಕ್ಷಾಮದಲ್ಲಿ ಇದರ ಪರಿಣಾಮವು ಪ್ರತ್ಯಕ್ಷವಾಯಿತು. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವು ಅಲ್ಲಿಂದಾಚೆಗೆ ಹೋಗಬೇಕಾದರೆ ಎತ್ತುಗಳು ಬೇಕು. ಎತ್ತುಗಳಿಗೆ ಮೇವು ನೀರು ಬೇಕು. ಕ್ಷಾಮದಲ್ಲಿ ಎತ್ತುಗಳೇ ಮೊದಲು ಸಾಯುತ್ತಿದ್ದುವು. 1871ರ ಜನಗಣತಿಯಲ್ಲಿ 50 ಲಕ್ಷದಷ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಗಳನ್ನು ಓದಿದವರಿಗೆ ರೈಲುದಾರಿಯೆಂಬುದು ಭೋಗದ ವಸ್ತುವಲ್ಲ, ಪ್ರಾಣದ ವಿಷಯವೆಂಬುದು ತಿಳಿಯುವುದು.

ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸವು ಕ್ಷಾಮಪರಿಹಾರದ ಕಾಮಗಾರಿಯಾಗಿಯೇ ಮೊದಲಾಯಿತು. ಹಸಿದವರು ಕೂಲಿಗಾಗಿ ಹಾಕಿದ ಕಟ್ಟೆಯ ಮೇಲೆ ಹಳಿ ಬಿದ್ದಿತು. ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೇಲೆ ಹಾದು 1882ರಲ್ಲಿ ಅದು ಮೈಸೂರನ್ನು ಮುಟ್ಟಿತು. ಈ ಹಳಿಯು ಮೀಟರ್ ಗೇಜಿನದು. 1881ರಲ್ಲಿ ಅರಸರಿಗೆ ರಾಜ್ಯವು ಹಿಂದಕ್ಕೆ ಬಂದಾಗ ಕ್ಷಾಮದ ನಿಮಿತ್ತ ಬ್ರಿಟಿಷ್ ಸರ್ಕಾರಕ್ಕೆ ಸಲ್ಲಬೇಕಾಗಿದ್ದ ಸಾಲವೇ 80 ಲಕ್ಷ ರೂಪಾಯಿ. ಆಗ ದಿವಾನರಾಗಿದ್ದ ರಂಗಾಚಾರ್ಲು ಅವರು ಬಡ ಬೊಕ್ಕಸವನ್ನು ಇಟ್ಟುಕೊಂಡು ರೈಲಿನ ಕೆಲಸವನ್ನು ಮುಂದುವರಿಸಿದರು. ಅಗಲವಾದ ಹಳಿಯ ಹತ್ತು ಮೈಲಿಗಿಂತ ಕಿರಿದಾದ ಹಳಿಯ ಹೆಚ್ಚು ಮೈಲಿಗಳು ಮುಂದಿನ ಕ್ಷಾಮದಲ್ಲಿ ಹೆಚ್ಚು ಜನರನ್ನು ಉಳಿಸಬಲ್ಲುವೆಂಬುದನ್ನು ಯಾರು ತಾನೆ ಅಲ್ಲಗಳೆದಾರು? ಆದ್ದರಿಂದ ಅಂದಿನವರು ಅಗ್ಗದ ಗೇಜನ್ನು ಆರಿಸಿದರೆಂದು ಇಂದಿನವರು ದೂಷಿಸುವುದು ನ್ಯಾಯವಲ್ಲ.

ಆದರೆ ಅಂದು ಉಳಿದ ಹಣದ ಬಡ್ಡಿಯನ್ನು ಮುಂದಿನವರು ತೆರಬೇಕಾಯಿತು. ಬೆಂಗಳೂರಿನಲ್ಲಿ ಎರಡು ಗೇಜುಗಳು ಸಂಧಿಸಿದುವು. ಮದರಾಸಿನಿಂದ ಮೈಸೂರಿಗೆ ಹೋಗುವ ಪ್ರಯಾಣಿಕನು ಮಕ್ಕಳು ಮರಿಗಳೊಡನೆ, ಹಾಸಿಗೆ ಪೆಟ್ಟಿಗೆಗಳೊಡನೆ ಅಲ್ಲಿ ಇಳಿದು ಬೇರೊಂದು ಗಾಡಿಯನ್ನು ಹತ್ತಬೇಕಾಗಿತ್ತು. ಅವನಿಗಾದರೂ ಕಾಲುಗಳುಂಟು, ಅಕ್ಕಿಯ ಮೂಟೆಗೆ ಕಾಲಿಲ್ಲ. ಪ್ರತಿಯೊಂದು ಮೂಟೆಯೂ ಒಂದು ಗಾಡಿಯಿಂದ ಇನ್ನೊಂದಕ್ಕೆ ಕೂಲಿಕಾರನ ಬೆನ್ನಿನ ಮೇಲೆಯೇ ದಾಟಬೇಕು. ಗುಂತಕಲ್ಲಿನಲ್ಲಿಯೂ ಹೀಗೆಯೇ, ಬೊಂಬಾಯಿ–ಮದರಾಸುಗಳ ಅಗಲವಾದ ದಾರಿಯು ಬಳ್ಳಾರಿ ಹುಬ್ಬಳ್ಳಿಗಳ ಕಡೆಯ ಮೀಟರ್ ದಾರಿಯನ್ನು ಅಲ್ಲಿ ಸಂಧಿಸುತ್ತಿತ್ತು. ಹೀಗೆ ದಾಟಿಸುವಲ್ಲಿ ದಿನಗಳು ಕಳೆದುವು, ಚೀಲಗಳು ಹರಿದುವು, ಧಾನ್ಯವು ಸೋರಿತು. ಒಂದು ಗೇಜಿನಲ್ಲಿ ಗಾಡಿಗಳು ಖಾಲಿಯಾಗಿ ನಿಂತಿದ್ದರೂ ಇನ್ನೊಂದರ ಕೊರತೆಯನ್ನು ಅವು ನೀಗಿಸಲಾರವು. ಇಂಜಿನು, ಗಾಡಿ, ಕಾರ್ಖಾನೆ, ಬಿಡಿಭಾಗಗಳೆಲ್ಲವೂ ಎರಡೆರಡಾಗಿ ಇರಬೇಕಾಯಿತು.

ಇಷ್ಟಕ್ಕೇ ನಿಲ್ಲಲಿಲ್ಲ. 1913ರಲ್ಲಿ ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 2 ಅಡಿ 6 ಇಂಚಿನ ಹಳಿ ಬಂದಿತು. ಮುಂದೆ ಅದು ಚಿಂತಾಮಣಿ ಚಿಕ್ಕಬಳ್ಳಾಪುರಗಳ ಕಡೆಗೆ ಬೆಳೆಯಿತು. ಮಲೆನಾಡಿನ ಅಂಚಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ 2 ಅಡಿಯ ಟ್ರಾಮ್‌ದಾರಿಯೊಂದು ಕಾಡಿನ ನಡುವೆ ನಡೆಯಿತು. ಒಂದೇ ಸಂಸ್ಥಾನದಲ್ಲಿ 5 ಅಡಿ 6 ಇಂಚು, ಮೀಟರು, 2 ಅಡಿ 6 ಇಂಚು, 2 ಅಡಿ ಎಂದು ನಾಲ್ಕು ಗೇಜುಗಳು! ಕೌಟಿಲ್ಯನ ಮಾನಾಧ್ಯಕ್ಷನು ನೋಡಿದ್ದರೆ ಬಡಗಿಯ ಹಸ್ತ, ಕಾಡಿನ ಹಸ್ತಗಳನ್ನು ನೆನೆದು ನಗುತ್ತಿದ್ದನೋ ಏನೋ. ಒಂದೊಂದು ಗೇಜೂ ತನ್ನ ಕೆಲಸಕ್ಕೆ ತಕ್ಕುದೇ ಆಗಿತ್ತು. ದೋಷವಿದ್ದುದು ಯಾವುದೊಂದರಲ್ಲಿಯೂ ಅಲ್ಲ, ಅವುಗಳ ಸಂಧಿಗಳಲ್ಲಿ.

ಸ್ವಾತಂತ್ರ್ಯಾನಂತರ ಕೆಲವು ಮುಖ್ಯವಾದ ದಾರಿಗಳನ್ನು ಅಗಲಿಸುವ ಕೆಲಸವು ಮೆಲ್ಲನೆ ನಡೆಯಿತು. 1992ರಲ್ಲಿ ಭಾರತೀಯ ರೈಲ್ವೆಯು ಏಕಗೇಜಿನ ಯೋಜನೆಯನ್ನು ಕೈಗೊಂಡ ಮೇಲೆ ಅದು ವೇಗವನ್ನು ಪಡೆಯಿತು. ಬೆಂಗಳೂರು–ಮೈಸೂರು ದಾರಿಯು ಆ ದಶಕದಲ್ಲಿಯೇ ಅಗಲವಾಯಿತು. ಮದರಾಸಿನ ಗಾಡಿಯು ಬೆಂಗಳೂರಿನಲ್ಲಿ ಪ್ರಯಾಣಿಕರನ್ನು ಇಳಿಸದೆ ನೇರವಾಗಿ ಮೈಸೂರಿಗೆ ಹೋಗತೊಡಗಿತು. ಕೋಲಾರ–ಚಿಕ್ಕಬಳ್ಳಾಪುರಗಳ ನಡುವಣ ಪುಟ್ಟ ಹಳಿಯ ಜಾಗದಲ್ಲಿ 2013ರಲ್ಲಿ ಅಗಲವಾದ ಹಳಿಯು ಬಂದಿತು. ತರೀಕೆರೆಯ ಟ್ರಾಮು ಅದಕ್ಕೆ ಬಹಳ ಮುಂಚೆಯೇ ಮರೆಯಾಗಿದ್ದಿತು. ನೀಲಗಿರಿಯ ಮೀಟರ್ ದಾರಿ, ಡಾರ್ಜಿಲಿಂಗಿನ 2 ಅಡಿಯ ದಾರಿ, ಕಾಲ್ಕಾ–ಶಿಮ್ಲಾದ 2 ಅಡಿ 6 ಇಂಚಿನ ದಾರಿ ಇವು ವಿಶ್ವಪರಂಪರೆಯ ಸ್ಮಾರಕಗಳಾಗಿ ಪರ್ವತಗಳಲ್ಲಿ ಉಳಿದುಕೊಂಡಿವೆ. ಇಂಗ್ಲೆಂಡಿನಲ್ಲಿ ಅಗಲವಾದುದು ಸೋತಿತು, ಭಾರತದಲ್ಲಿ ಅಗಲವಾದುದು ಗೆದ್ದಿತು. ಎರಡು ಕಡೆಗಳಲ್ಲಿಯೂ ಗೆದ್ದುದು ವಾಸ್ತವವಾಗಿ ಒಂದೇ: ಯಾವುದು ದೇಶದ ಮುಖ್ಯವಾದ ದಾರಿಗಳಲ್ಲಿ ಮೊದಲೇ ಬೇರೂರಿತ್ತೋ ಅದು.

ಈ ಕಥೆಗೆ ಒಂದು ಉತ್ತರಕಾಂಡವೂ ಉಂಟು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೆರೆದ ಮೆಟ್ರೋ ರೈಲಿನ ಹಳಿಗಳ ಅಂತರವು 1,435 ಮಿಲಿಮೀಟರು, ಎಂದರೆ 4 ಅಡಿ 8½ ಇಂಚು. ಕಂಪೆನಿಯ ನಿರ್ದೇಶಕರು ಸೂಚಿಸಿ ಡಾಲ್‌ಹೌಸಿಯು ತಿರಸ್ಕರಿಸಿದ ಸ್ಟೀಫನ್‌ಸನ್ನನ ಅಳತೆಯು ಒಂದೂವರೆ ಶತಮಾನದ ಮೇಲೆ ಬೆಂಗಳೂರಿಗೆ ಬಂದಿತು. ನಗರದ ದೊಡ್ಡ ರೈಲುನಿಲ್ದಾಣದಲ್ಲಿ 1,676 ಮಿಲಿಮೀಟರಿನ ಹಳಿ, ಅಲ್ಲಿಂದ ಕೆಲವೇ ಹೆಜ್ಜೆಗಳಾಚೆ 1,435 ಮಿಲಿಮೀಟರಿನದು. ಪುನಃ ಗೇಜುಭೇದವಾಯಿತೆಂದು ಇದಕ್ಕೆ ಯಾರೂ ಮರುಗಬೇಕಾಗಿಲ್ಲ. ಮೆಟ್ರೋ ಗಾಡಿಯು ನಗರವನ್ನು ಬಿಟ್ಟು ಹೋಗತಕ್ಕುದಲ್ಲ, ಅದರಲ್ಲಿ ಸರಕಿನ ಮೂಟೆಗಳಿಲ್ಲ. ಪ್ರಯಾಣಿಕರು ತಮ್ಮ ಕಾಲ ಮೇಲೆ ತಾವೇ ದಾಟಿಕೊಳ್ಳುವರು.

ತಂತಿಯ ಕಥೆಯನ್ನೂ ಹಳಿಯ ಕಥೆಯನ್ನೂ ಒಟ್ಟಿಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುವುದು. ಅಳತೆಯೆಂಬುದು ವಸ್ತುವಿನಲ್ಲಿ ಹುಟ್ಟಿದುದಲ್ಲ, ಜನರ ಒಡಂಬಡಿಕೆಯಲ್ಲಿ ಹುಟ್ಟಿದುದು. ಎಳೆದ ಸಲಗಳ ಎಣಿಕೆಯಿಂದಲೋ ಗಣಿಯ ಬಂಡಿಯ ಅಗಲದಿಂದಲೋ ಅದು ಮೊದಲಾಗಿರಬಹುದು. ಹುಟ್ಟು ಎಷ್ಟು ಸಾಮಾನ್ಯವಾದುದಾದರೂ, ಎಲ್ಲರೂ ಒಪ್ಪಿ ನಡೆದರೆ ಅದರಿಂದಲೇ ದೇಶವು ಒಂದಾಗುವುದು. ಒಡಂಬಡಿಕೆಯು ಎಲ್ಲಿ ಮುರಿಯುವುದೋ ಅಲ್ಲಿ ಅದರ ಭಾರವನ್ನು ಯಾರಾದರೊಬ್ಬರು ಹೊರಲೇಬೇಕು. ಸಮಿತಿಗಳಲ್ಲಿ ಇಂಚುಗಳಿಗಾಗಿ ವಾದಿಸಿದವರು ಅದನ್ನು ಹೊರಲಿಲ್ಲ. ಬೆಂಗಳೂರಿನಲ್ಲಿಯೂ ಗುಂತಕಲ್ಲಿನಲ್ಲಿಯೂ ಎರಡು ಹಳಿಗಳ ನಡುವೆ ನಿಂತು, ಹೆಗಲಮೇಲೆ ಮೂಟೆಯನ್ನಿಟ್ಟು ಹಗಲಿರುಳು ದಾಟಿಸಿದ ಕೂಲಿಕಾರರು ಅದನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ಹೊತ್ತರು.